ಮಳೆ ಅಲ್ಲೆಲ್ಲೋ, ಹೊಳೆ ಇಲ್ಲಿ: ಬಾಗಲಕೋಟೆ ಜಿಲ್ಲೆಯ ನೆರೆಯ ಲೆಕ್ಕ

(ನದಿ ದಂಡೆಯ ಊರುಗಳ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. 2021ರ ಜುಲೈ 22ರ ಬೆಳಿಗ್ಗೆಯಿಂದ 23ರ ಬೆಳಿಗ್ಗೆವರೆಗೆ ಮಹಾಬಳೇಶ್ವರದಲ್ಲಿ 594 ಮಿಲಿಮೀಟರ್ ಮಳೆ ಬಿತ್ತು. ಬಾಗಲಕೋಟೆ ಜಿಲ್ಲೆಯಲ್ಲಿ ಇಡೀ ವರ್ಷಕ್ಕೆ ಎಷ್ಟು ಮಳೆ ಬೀಳುತ್ತದೆ, ಯಾರಾದರೂ ಹೇಳ್ತೀರಾ? ಸರಾಸರಿ 560ರ ಆಸುಪಾಸು. ಅಂದರೆ ನಾವು ಜೂನ್‌ನಿಂದ ನವೆಂಬರ್‌ವರೆಗೆ ಮುಗಿಲು ನೋಡುತ್ತಾ ಕಾಯುವಷ್ಟು ಮಳೆ ಅಲ್ಲಿ ಒಂದು ಹಗಲು, ಒಂದು ರಾತ್ರಿಯಲ್ಲಿ ಸುರಿದುಹೋಯಿತು. ಆ ನೀರಿನಲ್ಲಿ ದೊಡ್ಡ ಪಾಲು ಹರಿಯುವುದು ನಮ್ಮ ಕಡೆಗೇ. ಕೃಷ್ಣೆ ಹುಟ್ಟುವುದು ಅಲ್ಲಿ. ಕೊಯ್ನಾ ಹುಟ್ಟುವುದೂ ಅಲ್ಲಿ.

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಒಂದೇ ವರ್ಷ, ಒಂದೇ ತಾಲ್ಲೂಕು, ಬರಪೀಡಿತ ಪಟ್ಟಿಯಲ್ಲೂ ಇರುತ್ತದೆ, ನೆರೆಪೀಡಿತ ಪಟ್ಟಿಯಲ್ಲೂ ಇರುತ್ತದೆ. ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ನಗೋದೇನೂ ಇಲ್ಲ. ಹೊಲದಲ್ಲಿ ಬಿರುಕು ಬಿಟ್ಟ ನೆಲ, ಎರಡು ಕಿಲೋಮೀಟರ್ ಆಚೆ ಹೊಳೆ ದಂಡೆಯಲ್ಲಿ ಮುಳುಗಿದ ಕಬ್ಬು. ನೀವೆಲ್ಲ ಕಂಡಿದ್ದೀರಿ.

ನಾನು ನೀರಾವರಿ ಇಲಾಖೆಯವನಲ್ಲ, ಭೂಗೋಳ ಕಲಿಸಿದ ಮಾಸ್ತರ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಾವು "ಹೊಳಿ ಬಂತು" ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಈ ಜಿಲ್ಲೆಗೆ ಬರುವ ನೆರೆ ಒಂದೇ ಬಗೆಯದಲ್ಲ. ಕೃಷ್ಣೆಯದು ಬೇರೆ, ಘಟಪ್ರಭೆಯದು ಬೇರೆ, ಮಲಪ್ರಭೆಯದು ಬೇರೆ. ಇನ್ನೊಂದು ನಮ್ಮದೇ ನೆಲದ ಮೇಲೆ ಬೀಳುವ ಮಳೆಯದು, ಅದು ಎಲ್ಲಕ್ಕಿಂತ ಕೆಟ್ಟದ್ದು. ಇವು ಬರುವ ತಿಂಗಳು ಬೇರೆ, ವೇಗ ಬೇರೆ, ಮುನ್ಸೂಚನೆ ಸಿಗುವ ಜಾಗ ಬೇರೆ. ಯಾವ ನೆರೆ ಎಂದು ತಿಳಿಯದೆ ತಯಾರಿ ಮಾಡಿದರೆ ತಯಾರಿ ಮಾಡಿದಂತೆಯೇ ಅಲ್ಲ.

ಮೊದಲು ಕೃಷ್ಣೆ. ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ ಸೇರುತ್ತದೆ, ಸಾಂಗ್ಲಿ ಹತ್ತಿರ ವಾರ್ಣಾ, ನರಸೋಬವಾಡಿಯಲ್ಲಿ ಪಂಚಗಂಗಾ. ನಮ್ಮ ಚಿಕ್ಕೋಡಿ ತಾಲ್ಲೂಕಿಗೆ ಬಂದರೆ ಕಲ್ಲೋಳದ ಹತ್ತಿರ ದೂಧಗಂಗಾ. ಇವೆಲ್ಲ ಘಟ್ಟದ ಹೊಳೆಗಳು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದರೆ ಎಲ್ಲವೂ ಒಟ್ಟಿಗೆ ತುಂಬುತ್ತವೆ. ಮಳೆಗಾಲದಲ್ಲಿ ಪೇಪರಿನಲ್ಲಿ "ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್" ಎಂದು ಬರುತ್ತದೆ ನೋಡಿ, ಅದು ಮಹಾರಾಷ್ಟ್ರದಿಂದ ಕೃಷ್ಣೆಯಲ್ಲಿ ಬರುವ ನೀರು. ಅದಕ್ಕೆ ದೂಧಗಂಗೆಯ ನೀರು ಕೂಡಿಸಿದರೆ ಕಲ್ಲೋಳದ ಲೆಕ್ಕ. ಅಥಣಿ, ರಾಯಬಾಗ ದಾಟಿ, ಹಿಪ್ಪರಗಿ ಬ್ಯಾರೇಜ್ ದಾಟಿ, ಜಮಖಂಡಿ ತಾಲ್ಲೂಕಿಗೆ ಬಂದು, ಕೊನೆಗೆ ಆಲಮಟ್ಟಿ ಸೇರುವುದು ಅದೇ ನೀರು.

ಇಲ್ಲಿ ಕ್ಯೂಸೆಕ್, ಟಿಎಂಸಿ ಎಂಬ ಎರಡು ಪದ ಬರುತ್ತವೆ. ಟಿವಿಯಲ್ಲಿ ಇವನ್ನು ಕೇಳಿ ಕೇಳಿ ಸಾಕಾಗಿದೆ, ಆದರೆ ಇವೆರಡರ ನಡುವಿನ ನಂಟು ಯಾರೂ ಹೇಳುವುದಿಲ್ಲ. ಪೆನ್ನು ಇದ್ದವರು ಬರೆದುಕೊಳ್ಳಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ಆಲಮಟ್ಟಿಗೆ ಬನ್ನಿ. ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಂತಾಗ ಅದರ ಸಾಮರ್ಥ್ಯ 123 ಟಿಎಂಸಿ. ಮಹಾಸಾಗರ ಕಂಡಂತೆ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಅದರ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. 5 ಲಕ್ಷ ಕ್ಯೂಸೆಕ್ ಎಂದರೆ ದಿನಕ್ಕೆ 43 ಟಿಎಂಸಿ. ಡ್ಯಾಂ ತಳ ಕಾಣುವಂತೆ ಖಾಲಿ ಇದ್ದಿದ್ದರೂ ಮೂರು ದಿನ ಮುಗಿಯುವುದರೊಳಗೆ ತುಂಬಿಬಿಡುತ್ತಿತ್ತು. ಕೆಳಗಿರುವ ನಾರಾಯಣಪುರದ ಬಸವಸಾಗರ 33 ಟಿಎಂಸಿ, ಅದು ಒಂದು ದಿನಕ್ಕೂ ಸಾಲದು. ನೆರೆ ಬಂದಾಗಲೆಲ್ಲ "ಡ್ಯಾಂ ಇದ್ದೂ ಯಾಕ ನೀರು ಹಿಡಿಲಿಲ್ಲ" ಎಂದು ಕೇಳುತ್ತೇವಲ್ಲ, ಉತ್ತರ ಈ ಭಾಗಾಕಾರದಲ್ಲಿದೆ. ದೊಡ್ಡ ನೆರೆಯನ್ನು ಆಲಮಟ್ಟಿ ನುಂಗಲಾರದು. ಹೆಚ್ಚೆಂದರೆ ಅದರ ನೆತ್ತಿಯನ್ನು ಸ್ವಲ್ಪ ತಗ್ಗಿಸಬಹುದು, ಅದೂ ಮೊದಲೇ ಜಾಗ ಖಾಲಿ ಮಾಡಿಕೊಂಡಿದ್ದರೆ ಮಾತ್ರ.

ಹಾಗಾದರೆ ಮೊದಲೇ ಖಾಲಿ ಇಟ್ಟುಕೊಳ್ಳಬಾರದಾ? ನೆರೆಯ ದೃಷ್ಟಿಯಿಂದ ಇಟ್ಟುಕೊಳ್ಳಬೇಕು. ಆದರೆ ಆಗಸ್ಟ್‌ನಲ್ಲಿ ಖಾಲಿ ಇಟ್ಟು, ಆಮೇಲೆ ಮಳೆ ಕೈಕೊಟ್ಟರೆ? ಕಾಲುವೆಗೆ ನೀರಿಲ್ಲ, ಬೇಸಿಗೆಗೆ ಕುಡಿಯುವ ನೀರಿಲ್ಲ. ಆಗ ಬೈಯುವವರೂ ನಾವೇ. ನೀರಾವರಿಗೆ ಕಟ್ಟಿದ ಡ್ಯಾಂ ತುಂಬಿರಬೇಕು, ನೆರೆ ತಡೆಯುವ ಡ್ಯಾಂ ಖಾಲಿ ಇರಬೇಕು. ಒಂದೇ ಗೋಡೆಯ ಹಿಂದೆ ಎರಡೂ ಬೇಕು ಎನ್ನುತ್ತೇವೆ. ಜುಲೈ ಕೊನೆಯಲ್ಲಿ ಆ ಗೇಟಿನ ಮುಂದೆ ಕೂತ ಇಂಜಿನಿಯರ್ ಜಾಗದಲ್ಲಿ ನನಗಂತೂ ಕೂರುವ ಧೈರ್ಯ ಇಲ್ಲ.

ಇಲ್ಲೇ ಒಂದು ಜಗಳದ ಮಾತೂ ಹೇಳಿಬಿಡುತ್ತೇನೆ. ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗಲೆಲ್ಲ ಆ ಕಡೆಯವರು ಆಲಮಟ್ಟಿಯ ಹಿನ್ನೀರಿನತ್ತ ಬೆರಳು ತೋರಿಸುತ್ತಾರೆ. 2019ರ ನೆರೆಯಾದ ಮೇಲೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ, ಆ ನೆರೆಗೆ ಆಲಮಟ್ಟಿ ಕಾರಣ ಅಲ್ಲ ಎಂದಿತು. ಆದರೂ ವಾದ ನಿಂತಿಲ್ಲ. ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಒಪ್ಪಿದ್ದರಿಂದ ಈ ವಾದ ಇನ್ನೂ ಬಹಳ ವರ್ಷ ನಡೆಯುತ್ತದೆ. ನಾವೂ ಸಾಚಾಗಳೇನಲ್ಲ. ಅವರು ನಮ್ಮ ಡ್ಯಾಂ ತೋರಿಸಿದರೆ ನಾವು ಕೊಯ್ನಾ ತೋರಿಸುತ್ತೇವೆ. "ಅವರು ನೀರ ಬಿಟ್ಟಾರ" ಅನ್ನುತ್ತೇವೆ. ಕೊಯ್ನಾ 105 ಟಿಎಂಸಿ ಡ್ಯಾಂ. ಅದು ತುಂಬಿದ ಮೇಲೆ ಬಿಡದೆ ಇನ್ನೇನು ಮಾಡ್ತಾರೆ? ಕೇಳಬೇಕಾದ ಪ್ರಶ್ನೆ ಬೇರೆ. ಯಾವಾಗ ಬಿಟ್ಟರು, ಎಷ್ಟು ಬಿಟ್ಟರು, ನಮಗೆ ಎಷ್ಟು ಹೊತ್ತು ಮೊದಲು ಹೇಳಿದರು?

ಕೃಷ್ಣೆಯ ನೆರೆಯಲ್ಲಿ ಒಂದು ಒಳ್ಳೆಯ ಗುಣ ಇದೆ. ಅದು ಹೇಳಿ ಬರುತ್ತದೆ. ಮಹಾಬಳೇಶ್ವರ, ಕೊಯ್ನಾನಗರದಲ್ಲಿ ಬಿದ್ದ ಮಳೆ ಜಮಖಂಡಿಗೆ ಬರಲು ಗಂಟೆಗಳಲ್ಲ, ದಿನಗಳೇ ಬೇಕು. ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದಕ್ಕೇ ಕೃಷ್ಣೆ ದಂಡೆಯಲ್ಲಿ ನೆರೆಯ ಮೊದಲ ಸುದ್ದಿ ಕೊಡುವುದು ತಹಶೀಲ್ದಾರರಲ್ಲ, ಪಂಪ್‌ಸೆಟ್. ಶೂರ್ಪಾಲಿ, ತುಬಚಿ, ಮುತ್ತೂರು, ಆಲಗೂರ ಕಡೆಯವರು ಇಲ್ಲಿದ್ದರೆ ಹೌದು ಅನ್ನುತ್ತೀರಿ. ಹೊಳೆ ಏರುತ್ತಿದ್ದಂತೆ ಮೊದಲು ಓಡುವುದು ಮೋಟಾರು ತೆಗೆಯಲು. ದಂಡೆಯ ಕೆಳಗೆ ಇಳಿಜಾರಿನಲ್ಲಿ ಸಾಲಾಗಿ ಮೋಟಾರುಗಳು ಇರುತ್ತವೆ. ನಾಲ್ಕೈದು ಜನ ಸೇರಿ ಬೋಲ್ಟು ಬಿಚ್ಚಿ, ಹಗ್ಗ ಹಾಕಿ, ಕೆಸರಿನಲ್ಲಿ ಮೇಲಕ್ಕೆ ಎಳೆಯುತ್ತಾರೆ. ಕೇಬಲ್ಲು ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಲು ಹೊತ್ತು ಸಾಲದಿದ್ದರೆ ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ದೇವರಿಗೆ ಬಿಡುತ್ತಾರೆ. ಪೈಪು ಹೋದರೆ ಹೋಯಿತು, ಮೋಟಾರು ಉಳಿಯಬೇಕು. ಕೃಷ್ಣೆಯ ಜನಕ್ಕೆ ಇಷ್ಟು ಸಮಯ ಸಿಗುತ್ತದೆ. ಉಳಿದ ನೆರೆಗಳಲ್ಲಿ ಇದೂ ಸಿಗುವುದಿಲ್ಲ.

ಮೋಟಾರಿನ ಮಾತು ಬಂದಿದ್ದಕ್ಕೆ ಚಿಕ್ಕಪಡಸಲಗಿ ಬ್ಯಾರೇಜಿನ ಕಥೆ ನೆನಪಾಯಿತು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಎಂಬತ್ತರ ದಶಕದಲ್ಲಿ ಬೇಸಿಗೆ ಬಂದರೆ ಈ ಭಾಗದಲ್ಲಿ ಕೃಷ್ಣೆ ಬತ್ತುತ್ತಿತ್ತು. ಬ್ಯಾರೇಜ್ ಕಟ್ಟಿಕೊಡಿ ಎಂದು ಕೇಳಿ ಕೇಳಿ ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಅವರಿಗೆ "ಬ್ಯಾರೇಜ್ ಸಿದ್ದು" ಎಂದೇ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನೀರಿಗಾಗಿ ಇಷ್ಟು ಮಾಡಿದ ಜನ ಇವರು. ನೆರೆ ಬಂದಾಗ "ಹೊಳೆ ದಂಡೆಯಲ್ಲಿ ಯಾಕ್ರಿ ಕೂತೀರಿ, ಎದ್ದು ಬರ್ರಿ" ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ಆ ಹೊಳೆ ಬಿಟ್ಟರೆ ಅವರ ಬದುಕೇ ಇಲ್ಲ. ಅದನ್ನು ಮರೆತು ನೆರೆಯ ಬಗ್ಗೆ ಮಾತಾಡಬಾರದು.

ಘಟಪ್ರಭೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದೂ ಘಟ್ಟದ ಹೊಳೆಯೇ, ಇದರ ನೆರೆಯೂ ಜುಲೈ, ಆಗಸ್ಟ್‌ನದ್ದೇ. ಆದರೆ ದಾರಿ ಚಿಕ್ಕದು, ಹಾಗಾಗಿ ಸಮಯ ಕಡಿಮೆ. ಹಿಡಕಲ್ ಡ್ಯಾಂ 51 ಟಿಎಂಸಿ. ಅದು ತುಂಬಿ ಗೇಟು ಎತ್ತಿದ ನೀರಿನ ಜೊತೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿ ಗೋಕಾಕಕ್ಕೆ ಬರುತ್ತದೆ. ಗೋಕಾಕದ ಲೋಳಸೂರ ಸೇತುವೆ ಮುಳುಗಿದೆ ಎಂದು ಸುದ್ದಿ ಬಂದರೆ ಮುಧೋಳ ತಾಲ್ಲೂಕಿನವರು ಅಂದೇ ಗಂಟುಮೂಟೆ ಕಟ್ಟಬೇಕು. 2019ರಲ್ಲಿ, 2021ರಲ್ಲಿ ಮುಧೋಳ ಕಡೆ ಆದದ್ದು ನಿಮಗೆ ಗೊತ್ತೇ ಇದೆ. ಇನ್ನೊಂದು ವಿಷಯ. ಘಟಪ್ರಭೆ ಕೃಷ್ಣೆಯನ್ನು ಸೇರುವುದು ಚಿಕ್ಕಸಂಗಮದಲ್ಲಿ, ಆಲಮಟ್ಟಿಯ ಹಿನ್ನೀರಿನೊಳಗೆ. ಕೃಷ್ಣೆಯೂ ತುಂಬಿದ್ದರೆ ಘಟಪ್ರಭೆಯ ನೀರಿಗೆ ಮುಂದೆ ಹೋಗಲು ಜಾಗ ಇಲ್ಲ, ತಡೆದು ನಿಲ್ಲುತ್ತದೆ. ಬೀಳಗಿ ತಾಲ್ಲೂಕಿನವರು ಎರಡೂ ಹೊಳೆಯ ಸುದ್ದಿ ಕೇಳುತ್ತಿರಬೇಕು.

ಮಲಪ್ರಭೆಯ ಕಥೆಯೇ ಬೇರೆ. ಇದು ನೀರಿಲ್ಲದ ಹೊಳೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ನಿಂತುಬಿಡುತ್ತದೆ. ಡ್ಯಾಂ ಸಾಮರ್ಥ್ಯ 37.73 ಟಿಎಂಸಿ, ಅದು ತುಂಬುವುದೇ ಅಪರೂಪ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯಲು ಇದೇ ನೀರು. ಮಹದಾಯಿಯಿಂದ ಈ ಹೊಳೆಗೆ ನೀರು ತನ್ನಿ, ಕಳಸಾ-ಬಂಡೂರಿ ಮಾಡಿ ಎಂದು 2015ರಿಂದ ನರಗುಂದದಲ್ಲಿ ಜನ ವರ್ಷಗಟ್ಟಲೆ ಧರಣಿ ಕೂತರು. ಅದೇ ನರಗುಂದ ತಾಲ್ಲೂಕಿನ ಕೊಣ್ಣೂರು 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರಿನಲ್ಲಿ ಮುಳುಗಿತು.

ಇದು ಹೇಗಾಯಿತು ನೋಡಿ. ಡ್ಯಾಂ ವರ್ಷಗಟ್ಟಲೆ ತುಂಬಲಿಲ್ಲ ಎಂದರೆ ಕೆಳಗೆ ಹೊಳೆಯಲ್ಲಿ ವರ್ಷಗಟ್ಟಲೆ ನೀರು ಬರಲಿಲ್ಲ. ನೀರು ಬರದ ಹೊಳೆಯಲ್ಲಿ ಏನಾಗುತ್ತದೆ? ಮೊದಲು ಜಾಲಿ ಬೆಳೆಯುತ್ತದೆ, ಆಪು ಬೆಳೆಯುತ್ತದೆ. ಆಮೇಲೆ ದಂಡೆಯ ಹೊಲದವನು ಬದುವನ್ನು ನಾಲ್ಕು ಮಾರು ಒಳಗೆ ಹಾಕುತ್ತಾನೆ. ಅವನನ್ನು ನೋಡಿ ಎದುರು ದಂಡೆಯವನೂ ಹಾಕುತ್ತಾನೆ. ಹೊಳೆಯ ಪಾತ್ರದಲ್ಲೇ ಕಬ್ಬು, ಗೋವಿನಜೋಳ. ನಾನು ಯಾರನ್ನೂ ಕಳ್ಳ ಅನ್ನುತ್ತಿಲ್ಲ. ಇಪ್ಪತ್ತು ವರ್ಷದ ಹುಡುಗ ಆ ಜಾಗದಲ್ಲಿ ಹೊಳೆ ಹರಿದದ್ದನ್ನೇ ನೋಡಿಲ್ಲ. ಅವನ ಕಣ್ಣಿಗೆ ಅದು ಹೊಲವೇ. ಮಲಪ್ರಭೆ ಸೊರಗಿ ಹಳ್ಳದಷ್ಟು ಅಗಲಕ್ಕೆ ಬಂದಿದ್ದನ್ನು ಬಾದಾಮಿ ತಾಲ್ಲೂಕಿನವರೆಲ್ಲ ನೋಡಿದ್ದೀರಿ.

ಹಾಗಿದ್ದಾಗ 2019ರ ಆಗಸ್ಟ್ ಮೊದಲ ವಾರ ಖಾನಾಪುರ ಕಡೆ ಮಳೆ ಸುರಿಯಿತು. ಡ್ಯಾಂ ನೋಡನೋಡುತ್ತ ತುಂಬಿತು. ತುಂಬಿದ ಮೇಲೆ ಒಳಗೆ ಬಂದಷ್ಟೂ ಹೊರಗೆ ಬಿಡಲೇಬೇಕು. ರಾಮದುರ್ಗ, ಕೊಣ್ಣೂರು, ಗೋವನಕೊಪ್ಪ, ಚೊಳಚಗುಡ್ಡ, ಪಟ್ಟದಕಲ್ಲು, ಐಹೊಳೆ, ಹೀಗೆ ಒಂದಾದ ಮೇಲೊಂದು. ಹೊಳೆ ತನ್ನ ಹಳೆಯ ಅಗಲವನ್ನು ವಾಪಸ್ ಕೇಳಿತು, ಅಷ್ಟೇ. ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಮಳೆ ಬಂತು, ಆಗ ಡ್ಯಾಂ ತುಂಬಿಯೇ ಇತ್ತು. ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡು ತಗಡಿನ ಶೆಡ್ಡಿನಲ್ಲಿದ್ದವರು ಮತ್ತೊಮ್ಮೆ ಎದ್ದು ಓಡಬೇಕಾಯಿತು.

ಮಲಪ್ರಭೆಗೆ ಇನ್ನೊಂದು ಸಂಗತಿ ಇದೆ, ಅದು ಬೆಣ್ಣೆಹಳ್ಳ. ಡ್ಯಾಂ ಮಟ್ಟವನ್ನೇ ನೋಡುತ್ತಾ ಕೂತವರು ಇದನ್ನು ಮರೆಯುತ್ತಾರೆ. ಶಿಗ್ಗಾವಿ ಕಡೆ ಹುಟ್ಟಿ, ಹುಬ್ಬಳ್ಳಿ, ನವಲಗುಂದ, ನರಗುಂದದ ಎರೆ ಬಯಲನ್ನೆಲ್ಲ ಬಳಸಿಕೊಂಡು, ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ನಡುವೆ ತುಪ್ಪರಿಹಳ್ಳವೂ ಬಂದು ಕೂಡುತ್ತದೆ. ಇದಕ್ಕೆ ತಡೆಯಲು ದೊಡ್ಡ ಡ್ಯಾಂ ಯಾವುದೂ ಇಲ್ಲ. ಬಯಲು ಸಪಾಟು. ಎರೆ ಮಣ್ಣು ಒಣಗಿದ್ದಾಗ ಬಿರುಕಿನಲ್ಲಿ ನೀರು ಕುಡಿಯುತ್ತದೆ, ಒಮ್ಮೆ ನೆನೆದು ಉಬ್ಬಿತೆಂದರೆ ಬಾಯಿ ಮುಚ್ಚುತ್ತದೆ. ಆಮೇಲೆ ಬಿದ್ದ ಮಳೆಯೆಲ್ಲ ಹಳ್ಳಕ್ಕೆ. ಬೇಸಿಗೆಯಲ್ಲಿ ದಾಟಲು ಚಪ್ಪಲಿಯನ್ನೂ ಬಿಚ್ಚಬೇಕಿಲ್ಲದ ಹಳ್ಳ, ಒಂದು ರಾತ್ರಿಯಲ್ಲಿ ಮೈಲುಗಟ್ಟಲೆ ಹರಡಿ ನಿಲ್ಲುತ್ತದೆ. ನವಿಲುತೀರ್ಥದಿಂದ ಒಂದು ಹನಿ ಬಿಡದಿದ್ದರೂ ಪಟ್ಟದಕಲ್ಲಿಗೆ ನೆರೆ ಬರಬಹುದು ಎಂಬುದು ಇದರಿಂದಲೇ.

ಪಟ್ಟದಕಲ್ಲಿಗೆ 2009ರಲ್ಲೂ ನೀರು ಬಂತು, 2019ರಲ್ಲೂ ಬಂತು. ಗುಡಿಗಳ ಆವರಣದೊಳಗೇ ನೀರು. ಟಿವಿಯವರು ಗುಡಿಗಳನ್ನು ತೋರಿಸಿದರು. ಎಂಟನೇ ಶತಮಾನದ ವಿರೂಪಾಕ್ಷ ಗುಡಿ ಸುಮಾರು 1,300 ವರ್ಷದಿಂದ ಆ ದಂಡೆಯಲ್ಲಿದೆ, ಇಂಥ ನೆರೆ ಎಷ್ಟು ನೋಡಿದೆಯೋ. ಎತ್ತರದ ಅಧಿಷ್ಠಾನ, ಕಲ್ಲಿನ ಮೇಲೆ ಕಲ್ಲು. ನೆರೆಗೆಂದೇ ಎತ್ತರ ಮಾಡಿದ್ದರು ಎಂದು ನಾನು ಹೇಳುವುದಿಲ್ಲ, ಗುಡಿ ಕಟ್ಟುವ ಪದ್ಧತಿಯೇ ಹಾಗೆ. ಗುಡಿಗೆ ಅಂಟಿಕೊಂಡಂತೆ ಇರುವ ಊರಿನ ಮಣ್ಣಿನ ಮನೆಗಳ ಕಥೆ ಬೇರೆ. ಅವುಗಳ ಮುಂದೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಣ್ಣಿನ ಮನೆ ಅಂದೆನಲ್ಲ, ಈಗ 2009ಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ನೆರೆ ಎಂದರೆ ಇಂದಿಗೂ ವಯಸ್ಸಾದವರು ಮೊದಲು ಹೇಳುವುದು ಆ ವರ್ಷವನ್ನೇ. ಅದು ಮೇಲಿನ ಮೂರರ ಹಾಗಲ್ಲ. 2009 ದೇಶಕ್ಕೇ ಬರದ ವರ್ಷ, ಮುಂಗಾರು ದೇಶದಲ್ಲಿ ಶೇಕಡಾ 22ರಷ್ಟು ಕಡಿಮೆ ಬಿದ್ದಿತ್ತು. ಸೆಪ್ಟೆಂಬರ್ ಮುಗಿಯುತ್ತಾ ಬಂತು, ಇನ್ನೇನು ಮಳೆಗಾಲ ಹೋಯಿತು ಎನ್ನುವಾಗ ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತ ಬಂತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ವಿಜಯಪುರ, ಬಾಗಲಕೋಟೆ, ರಾಯಚೂರು, ಗದಗ, ಕೊಪ್ಪಳ, ಬಳ್ಳಾರಿ, ಎಲ್ಲ ಒಣ ಜಿಲ್ಲೆಗಳ ಮೇಲೇ ಸುರಿಯಿತು. ಘಟ್ಟದ ಮಳೆಯಲ್ಲ ಅದು, ನಮ್ಮ ತಲೆಯ ಮೇಲಿನ ಮಳೆ. ಹೊಳೆಗೆ ಬರುವ ಮೊದಲು ಪ್ರತಿ ಹಳ್ಳ, ಪ್ರತಿ ಕೊಳ್ಳ ತುಂಬಿ ಬಂತು. ಕೆಳಗೆ ಮಂತ್ರಾಲಯ ಮುಳುಗಿತು, ಕರ್ನೂಲು ಮುಳುಗಿತು. 19 ಲಕ್ಷ ಕ್ಯೂಸೆಕ್ ನೀರಿಗೆಂದು ವಿನ್ಯಾಸ ಮಾಡಿದ್ದ ಶ್ರೀಶೈಲಂ ಡ್ಯಾಂಗೆ 25 ಲಕ್ಷ ಕ್ಯೂಸೆಕ್ ದಾಟಿ ನೀರು ಬಂತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಅಷ್ಟು ಜನ ಸತ್ತದ್ದು ಹೇಗೆ? ಹೊಳೆಯಲ್ಲಿ ಕೊಚ್ಚಿಹೋದವರಷ್ಟೇ ಅಲ್ಲ. ಮಲಗಿದಲ್ಲೇ ಗೋಡೆ ಬಿದ್ದು ಸತ್ತವರು ಬಹಳ. ನಮ್ಮ ಮಾಳಿಗೆ ಮನೆ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮಣ್ಣಿನ ಅಥವಾ ಮಣ್ಣು-ಕಲ್ಲಿನ ದಪ್ಪ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಮಣ್ಣು. ವರ್ಷವರ್ಷ ಮಳೆಗಾಲದ ಮುಂಚೆ ಇನ್ನಷ್ಟು ಮಣ್ಣು ಹಾಕುತ್ತೇವೆ, ತಲೆಮಾರು ಕಳೆದಂತೆ ಮಾಳಿಗೆ ದಪ್ಪವಾಗುತ್ತಾ ಹೋಗುತ್ತದೆ. ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಮನೆಯಲ್ಲಿ ಬೇಯುವವರು ಮಾಳಿಗೆ ಮನೆಗೇ ಬಂದು ಮಲಗುತ್ತಾರೆ. ಆದರೆ ಹತ್ತಡಿ-ಹನ್ನೆರಡಡಿ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ ಅದು ಒಣಗಿದ್ದಾಗಲೇ ಸುಮಾರು ಐದು ಟನ್. ಮೂರು ದಿನ ಬಿಡದೆ ಸಣ್ಣಗೆ ಹಿಡಿದ ಮಳೆಯಲ್ಲಿ ನೆನೆದರೆ ಇನ್ನೂ ಒಂದು ಟನ್ ಸೇರುತ್ತದೆ. ಅದೇ ಹೊತ್ತಿಗೆ ಕೆಳಗೆ ಗೋಡೆಯ ಬುಡವೂ ನೆನೆದು ಮೆತ್ತಗಾಗಿರುತ್ತದೆ. ಹೊಳೆ ನೋಡದ ಊರಿನಲ್ಲೂ ಮನೆ ಬಿದ್ದದ್ದು ಹೀಗೆ. ಇಂಥ ಮಳೆಯಲ್ಲಿ ಮೊದಲು ಉದುರುವುದು ಗೋಡೆಯ ಒಳಮೈಯ ಮಣ್ಣು, ಹಿಟ್ಟಿನ ಹಾಗೆ. ತೊಲೆ ಕೂತ ಜಾಗದಲ್ಲಿ ಹೊಸ ಸೀಳು ಕಾಣುತ್ತದೆ. ಅದು ಕಂಡ ರಾತ್ರಿ ಆ ಮನೆಯಲ್ಲಿ ಮಲಗಬಾರದು. ಶಾಲೆಗೆ ಹೋಗಿ, ಗುಡಿಗೆ ಹೋಗಿ, ಪಕ್ಕದವರ ಆರ್‌ಸಿಸಿ ವರಾಂಡಕ್ಕೆ ಹೋಗಿ. ಯಾರೂ ಬೇಡ ಅನ್ನುವುದಿಲ್ಲ.

2020ರ ಅಕ್ಟೋಬರ್‌ನಲ್ಲಿ ಕಲಬುರಗಿ ಕಡೆ ಭೀಮೆ ಉಕ್ಕಿದ್ದು ನೆನಪಿದೆಯಾ? ಅದೂ ಬಂಗಾಳ ಕೊಲ್ಲಿಯಿಂದ ಒಳಗೆ ಬಂದ ವಾಯುಭಾರ ಕುಸಿತದ ಮಳೆಯೇ. ಆಗಸ್ಟ್ ದಾಟಿತು, ಇನ್ನು ಭಯ ಇಲ್ಲ ಎಂದು ಕಾಳಜಿ ಕೇಂದ್ರದ ಸಾಮಾನು ಗಂಟು ಕಟ್ಟಿ ಇಡುವ ರೂಢಿ ನಮ್ಮಲ್ಲಿದೆ. ಈ ಜಿಲ್ಲೆಗಳ ಮಟ್ಟಿಗೆ ಅಕ್ಟೋಬರ್ ಮುಗಿಯುವವರೆಗೂ ಕಟ್ಟಬಾರದು.

ಈಗ ಊರು ಬಿಟ್ಟು ಹೋಗುವ ಮಾತು. 2009ರ ನಂತರ ಸರ್ಕಾರ "ಆಸರೆ" ಯೋಜನೆ ತಂದಿತು. ದಾನಿಗಳು, ಕಂಪನಿಗಳು, ಮಠಗಳು ಕೈಜೋಡಿಸಿದವು. ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಹೊಸ ಮನೆಗಳು ಎದ್ದವು. ಎಷ್ಟೋ ಮನೆಗಳಿಗೆ ಬೀಗ ಬಿತ್ತು, ಜನ ಹಳೆಯ ಊರಿಗೇ ವಾಪಸ್ ಬಂದರು. ಹಠಮಾರಿಗಳು ಎಂದು ಬೈದವರಿದ್ದಾರೆ. ನೀವೇ ಹೇಳಿ, ಎರಡು ಎಮ್ಮೆ, ಒಂದು ಜೋಡಿ ಎತ್ತು, ಮೇವಿನ ಬಣವಿ, ಇವನ್ನು ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಇಡುವುದು? ಹೊಲ ಇರುವುದು ಹೊಳೆ ದಂಡೆಯಲ್ಲಿ. ಬೆಳಗಿನ ಜಾವ ಹಾಲು ಕರೆದು ನೀರು ಬಿಡಲು ಹೋಗುವವನು ಮೂರು ಕಿಲೋಮೀಟರ್ ದೂರದಲ್ಲಿ ಹೇಗೆ ಇರುತ್ತಾನೆ? ನೆರೆ ಬಂದಾಗಲೂ ಅಷ್ಟೇ. ಬೋಟು ಬಂದರೂ ಹತ್ತದೆ ಕೂತವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ದನ ಬಿಟ್ಟು ಬರಲ್ಲ ಅನ್ನುತ್ತಾರೆ. ಕಾಳಜಿ ಕೇಂದ್ರದಲ್ಲಿ ಅನ್ನ-ಸಾರು ಇರುತ್ತದೆ, ಮೇವು ಇರುವುದಿಲ್ಲ. ಮೇವಿನ ವ್ಯವಸ್ಥೆ ಮೊದಲು ಮಾಡಿ ನೋಡಿ, ಜನ ತಾವಾಗಿ ಬರುತ್ತಾರೆ. ಇದನ್ನು ನಾನು ಅಧಿಕಾರಿಗಳಿದ್ದ ಸಭೆಯಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಅಂದಹಾಗೆ ಊರು ಬಿಡುವುದು ಬಾಗಲಕೋಟೆಯವರಿಗೆ ಹೊಸದೇನಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ನವನಗರ ಎದ್ದಿತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ನಾರಾಯಣಪುರದ ಹಿನ್ನೀರಿಗೆ ಸಿಗದಿರಲೆಂದು ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದರು, ನೀವು ಮೆಟ್ಟಿಲಿಳಿದು ಹೋಗಿ ನೋಡಿದ್ದೀರಿ. ಮುಳುಗಡೆ ಎಂಬ ಪದ ಈ ಜಿಲ್ಲೆಯಲ್ಲಿ ಎರಡನೇ ಕ್ಲಾಸಿನ ಮಗುವಿಗೂ ಗೊತ್ತು. ಮುಳುಗಡೆಗೆ ಒಂದು ಗೆರೆ ಇರುತ್ತದೆ, ಇಷ್ಟು ಮೀಟರಿಗೆ ನಿಮ್ಮ ಮನೆ ಹೋಗುತ್ತದೆ ಎಂದು ಕಲ್ಲು ನೆಟ್ಟು ಹೇಳುತ್ತಾರೆ, ಪರಿಹಾರ ಕೊಡುತ್ತಾರೆ. ನೆರೆಗೆ ಅಂಥ ಗೆರೆ ಯಾರೂ ಹಾಕಿಕೊಟ್ಟಿಲ್ಲ. ಸಾಮಾನ್ಯವಾಗಿ ನಮ್ಮ ಹಳೆಯ ಊರುಗಳು ದಿಬ್ಬದ ಮೇಲೇ ಇವೆ. ಗೌಡರ ವಾಡೆ, ಹಳೆ ಗುಡಿ ಎಲ್ಲ ಮೇಲೆ. ನೀರು ನುಗ್ಗುವುದು ಆಮೇಲೆ ಬೆಳೆದ ಕೆಳಗಿನ ಓಣಿಗಳಿಗೆ, ಪ್ಲಾಟುಗಳಿಗೆ, ಜನತಾ ಮನೆಗಳಿಗೆ. ಅಲ್ಲಿ ಯಾರಿದ್ದಾರೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಒಬ್ಬ ಹುಡುಗ ಮೊದಲೇ ಚೀಟಿ ಕೊಟ್ಟಿದ್ದ, ನೆರೆಯಲ್ಲಿ ಮೊಸಳೆ ಬರುವುದು ನಿಜವಾ ಎಂದು. ನಿಜ. 2019ರಲ್ಲಿ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಮಾಡಿನ ಮೇಲೆ ಮೊಸಳೆ ಮಲಗಿದ್ದ ವಿಡಿಯೋ ನೋಡಿರಬಹುದು. ಕೃಷ್ಣೆಯಲ್ಲಿ ಮೊಸಳೆ ಇವೆ, ನೀರು ಹರಡಿದರೆ ಅವೂ ಹರಡುತ್ತವೆ. ಆದರೆ ನೀರು ಇಳಿದ ಮೇಲೆ ನಿಮ್ಮ ಮನೆಯಲ್ಲಿ ಸಿಗುವುದು ಹೆಚ್ಚಾಗಿ ಹಾವು. ಮೊದಲ ದಿನ ಒಳಗೆ ಹೋಗುವಾಗ ಕೋಲಿರಲಿ, ಹಾಸಿಗೆ ಸುರುಳಿಗೆ ಸುಮ್ನೆ ಕೈ ಹಾಕಬೇಡಿ. ಮೇನ್ ಸ್ವಿಚ್ಚನ್ನೂ ಒಣಗುವವರೆಗೆ ಮುಟ್ಟಬೇಡಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ದುಡ್ಡು ಬೇಡ, ಅರ್ಜಿ ಬೇಡ. "ಆಲಮಟ್ಟಿಗೆ 3 ಲಕ್ಷ ಕ್ಯೂಸೆಕ್ ಒಳಹರಿವು" ಎಂದು ಸುದ್ದಿ ಬಂದರೆ ನಿಮ್ಮ ಊರಿನಲ್ಲಿ ನೀರು ಎಲ್ಲಿಗೆ ಬರುತ್ತದೆ? ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಇಲ್ಲ, ಜಿಲ್ಲಾ ಕಚೇರಿಯಲ್ಲೂ ನಿಮ್ಮ ಓಣಿಯ ಮಟ್ಟಿಗೆ ಉತ್ತರ ಇಲ್ಲ. ಊರಿನಲ್ಲಿ ಇದೆ. 2005 ನೋಡಿದವರಿದ್ದಾರೆ, 2009 ನೋಡಿದವರಿದ್ದಾರೆ, 2019 ನಿಮಗೇ ನೆನಪಿದೆ. ಅವರನ್ನು ಕರೆದುಕೊಂಡು ಊರು ಸುತ್ತಿ. ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ, ಶಾಲೆ, ಗುಡಿ, ಪಂಚಾಯಿತಿ ಕಟ್ಟಡ, ಸೇತುವೆ ಕಂಬದ ಮೇಲೆ ಗೆರೆ ಎಳೆಯಿರಿ. ಸುಮ್ನೆ ವರ್ಷ ಬರೆದು ಬಿಡಬೇಡಿ. ತಿಂಗಳು ಬರೆಯಿರಿ, ಯಾವ ಹೊಳೆ ಎಂದು ಬರೆಯಿರಿ. ಹಳೆಯ ಪೇಪರ್ ಲೈಬ್ರರಿಯಲ್ಲಿ ಸಿಗುತ್ತದೆ, ಆ ದಿನ ಡ್ಯಾಂನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದರು ಎಂದು ಹುಡುಕಿ ಅದನ್ನೂ ಪಕ್ಕದಲ್ಲಿ ಬರೆಯಿರಿ. ಇಂಥ ನಾಲ್ಕು ಗೆರೆ ಇದ್ದರೆ ಮುಂದಿನ ಸಲ ಟಿವಿಯಲ್ಲಿ ಬರುವ ಅಂಕಿ ನಿಮ್ಮ ಊರಿನ ಭಾಷೆಗೆ ಬರುತ್ತದೆ. ಇಷ್ಟಾದರೆ ಕೆಳಗಿನ ಓಣಿ ಖಾಲಿ ಮಾಡಬೇಕು, ಇಷ್ಟಾದರೆ ಶಾಲೆಯೂ ಸುರಕ್ಷಿತ ಅಲ್ಲ ಎಂದು ನೀವೇ ಹೇಳಬಹುದು. ಮಲಪ್ರಭೆಯವರು ಬೆಣ್ಣೆಹಳ್ಳದ ನೆರೆಗೆ ಬೇರೆ ಬಣ್ಣ ಹಾಕಿ.

ಆಯಿಲ್ ಪೇಂಟ್ ತಗೊಳ್ಳಿ, ಸುಣ್ಣದಲ್ಲಿ ಬರೆದರೆ ಎರಡು ಮಳೆಗೆ ಹೋಗುತ್ತದೆ. ಹುಡುಗರು ಮೇ ರಜೆಯೊಳಗೆ ಮುಗಿಸಿ, ಜೂನ್ ಬಂದರೆ ಬಿತ್ತನೆ ಗಡಿಬಿಡಿಯಲ್ಲಿ ಹಿರಿಯರು ಯಾರೂ ಕೈಗೆ ಸಿಗುವುದಿಲ್ಲ. ಗೆರೆ ಎಳೆದ ಮೇಲೆ ಫೋಟೋ ತೆಗೆದು ಪಂಚಾಯಿತಿ ಪಿಡಿಒ ಅವರಿಗೆ ಒಂದು ಪ್ರತಿ ಕೊಡಿ, ಊರಿನ ಶಾಲೆಯಲ್ಲೂ ಒಂದು ಇಡಿ.